ಕ್ಯೂ ನಿಲ್ಲದವರ ಭಾಗ್ಯ

ರಾಜ್ಯ ದಿವಾಳಿಯಾಗಿದೆ.

ಈ ಸುದ್ದಿ ನನಗೆ ಹೇಳಿದ್ದು ಹಣಕಾಸು ಇಲಾಖೆಯಲ್ಲ. ಬೆಳಿಗ್ಗೆ ಆರೂವರೆಗೆ ಪಾರ್ಕಿನಲ್ಲಿ ಸೇರುವ ಹಿರಿಯರು. ಪಾಲಿಕೆ ಹಾಕಿಸಿದ ಓಪನ್ ಜಿಮ್ಮಿನ ಮೇಲೆ ಕೂತು, ಪಾಲಿಕೆಯ ಮಾಲಿ ನೀರೆರೆದು ಬೆಳೆಸಿದ ಹೊಂಗೆ ಮರದ ನೆರಳಲ್ಲಿ, ಅವರು ದಿನವೂ ರಾಜ್ಯದ ಡೆತ್ ಸರ್ಟಿಫಿಕೇಟ್ ಬರೆಯುತ್ತಾರೆ. ಪಾರ್ಕಿಗೆ ಟಿಕೆಟ್ ಇಲ್ಲ. ನಾಳೆ ಐದು ರೂಪಾಯಿ ಇಟ್ಟರೆ ಗೇಟಿನ ಮುಂದೆ ಮೊದಲು ಧರಣಿ ಕೂರುವವರೂ ಅವರೇ.

ಸಾವಿನ ಕಾರಣವೂ ಅವರಿಗೆ ಗೊತ್ತು. ಹೆಂಗಸರು ಬಸ್ಸು ಹತ್ತುತ್ತಿದ್ದಾರೆ.

2023ರ ಜೂನ್ 11ಕ್ಕೆ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆ ಶುರುವಾಯಿತು. ಅವತ್ತಿನಿಂದ ಕರ್ನಾಟಕದಲ್ಲಿ ಅರ್ಥಶಾಸ್ತ್ರಜ್ಞರಿಗೆ ಬರವಿಲ್ಲ. ಅದುವರೆಗೆ ಬಜೆಟ್ ದಿನ ಸಿಗರೇಟಿನ ರೇಟು ಮಾತ್ರ ನೋಡುತ್ತಿದ್ದವರು ಈಗ ರಾಜಸ್ವ ಕೊರತೆಯ ಬಗ್ಗೆ ಮಾತಾಡುತ್ತಾರೆ. ಶಕ್ತಿಯೂ ಸೇರಿ ಸರ್ಕಾರದ ಐದು ಗ್ಯಾರಂಟಿಗೆ ವರ್ಷಕ್ಕೆ ಐವತ್ತು ಸಾವಿರ ಕೋಟಿಗೂ ಮೇಲೆ. ಈ ಅಂಕಿ ಎಲ್ಲರಿಗೂ ಬಾಯಿಪಾಠ. ಮಿಕ್ಕ ಯಾವ ಅಂಕಿಯೂ ಯಾರಿಗೂ ಬೇಡ.

ಮೊನ್ನೆ ತುಮಕೂರಿನಿಂದ ಬರುವ ಕೆಂಪು ಬಸ್ಸಿನಲ್ಲಿದ್ದೆ. ದಾಬಸ್‌ಪೇಟೆಯಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು. ಕೈಯಲ್ಲಿ ಟಿಫಿನ್ ಕ್ಯಾರಿಯರ್, ಕೊರಳಲ್ಲಿ ಗಾರ್ಮೆಂಟ್ಸ್ ಫ್ಯಾಕ್ಟರಿಯ ಐಡಿ ಕಾರ್ಡು. ಕಂಡಕ್ಟರ್ ಆಧಾರ್ ಕೇಳಿದ. ಪ್ಲಾಸ್ಟಿಕ್ ಕವರಿನಿಂದ ಜೆರಾಕ್ಸ್ ತೆಗೆದಳು. “ಒರಿಜಿನಲ್ ತೋರ್ಸಮ್ಮಾ, ಇಲ್ಲಾಂದ್ರೆ ದುಡ್ಡು ಕೊಡು.” ಬಸ್ಸಿಗೆ ಬಸ್ಸೇ ಅವಳನ್ನು ನೋಡಿತು. ಅವಳು ಬ್ಯಾಗಿನ ತಳದವರೆಗೂ ಕೈ ಹಾಕಿ, ಕರ್ಚೀಫು, ಮಾತ್ರೆ ಶೀಟು, ಒಂದು ಬಾಚಣಿಗೆ ಎಲ್ಲ ಮಡಿಲಿಗೆ ಸುರಿದು, ಕೊನೆಗೂ ಕಾರ್ಡು ಹುಡುಕಿಕೊಟ್ಟಳು. ಸೊನ್ನೆ ಟಿಕೆಟ್ ಹರಿದುಕೊಟ್ಟ.

ನನ್ನ ಪಕ್ಕದ ಯಜಮಾನರು ತಲೆ ಅಲ್ಲಾಡಿಸಿದರು. “ನೋಡಿ ಸಾರ್, ಹಿಂಗೆ ಬಿಟ್ಟಿ ಕೊಟ್ಟು ಕೊಟ್ಟೇ ದೇಶ ಹಾಳಾಗಿದ್ದು.” ಆಮೇಲೆ ಜೇಬಿನಿಂದ ಹಿರಿಯ ನಾಗರಿಕರ ಕಾರ್ಡು ತೆಗೆದರು. ಶೇ. 25 ರಿಯಾಯಿತಿಯ ಟಿಕೆಟ್ ಪಡೆದರು. ಚಿಲ್ಲರೆ ಎರಡು ಸಲ ಎಣಿಸಿದರು.

“ನಿಮಗೂ ಕಾಲುಭಾಗ ಬಿಟ್ಟರಲ್ಲ ಸಾರ್?” ಅಂದೆ.

“ಅದು ಬೇರೆ ಕಣ್ರೀ. ನಾನು ಮೂವತ್ತೈದು ವರ್ಷ ಸರ್ವಿಸ್ ಮಾಡಿದೀನಿ.”

ಸರ್ಕಾರಿ ಸರ್ವಿಸ್. ರಾಜ್ಯದಲ್ಲಿ 2006ರ ಏಪ್ರಿಲ್‌ಗೆ ಮುಂಚೆ ಸೇರಿದವರಿಗೆ ಹಳೇ ಪಿಂಚಣಿ. ಅವರು ಆ ಪುಣ್ಯವಂತರಲ್ಲಿ ಒಬ್ಬರು. ವರ್ಷಕ್ಕೆ ಎರಡು ಸಲ ಡಿಎ ಏರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಷಿನ್ ಮುಂದೆ ಕೂತು ಸಂಜೆವರೆಗೆ ಕಾಲರ್ ಹೊಲಿಯುವವಳದ್ದು ಸರ್ವಿಸ್ ಅಲ್ಲ, ಪಾಪ. ಅವಳು ದೇಶ ಹಾಳು ಮಾಡಲು ಹೊರಟಿದ್ದಳು.

ಇದೇ ಬೆಂಗಳೂರು ಮಹಾನಗರದಲ್ಲಿ 2025ರ ಫೆಬ್ರವರಿ 9ರಂದು ಮೆಟ್ರೋ ದರ ಏರಿತು. ಅರವತ್ತು ರೂಪಾಯಿಯ ಗರಿಷ್ಠ ಟಿಕೆಟ್ ತೊಂಬತ್ತಾಯಿತು. ಅಬ್ಬಾ, ಆ ಆಕ್ರೋಶ! ಸಾರ್ವಜನಿಕ ಸಾರಿಗೆ ಲಾಭದ ವ್ಯಾಪಾರವಲ್ಲ ಅಂದರು. ಅಗ್ಗದ ಪ್ರಯಾಣದಿಂದ ಜನ ಕೆಲಸಕ್ಕೆ ಹೋಗುತ್ತಾರೆ, ರಸ್ತೆಯ ದಟ್ಟಣೆ ಇಳಿಯುತ್ತದೆ, ಊರಿಗೆ ಲಾಭ, ನಷ್ಟವನ್ನು ಸರ್ಕಾರ ಭರಿಸಬೇಕು ಅಂದರು. ಒಂದೊಂದು ಮಾತೂ ಬಂಗಾರ. ನಾನು ಒಪ್ಪುತ್ತೇನೆ.

ಈ ಎಲ್ಲ ಮಾತನ್ನೂ ಬಸ್ಸಿಗೆ ಹಚ್ಚಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಹಚ್ಚುವುದೇ ಇಲ್ಲ. ಎಸಿ ಬೋಗಿಯಲ್ಲಿ ಲ್ಯಾಪ್‌ಟಾಪ್ ಬ್ಯಾಗ್ ಹಿಡಿದು ನಿಂತವನಿಗೆ ಕೊಟ್ಟರೆ ನಗರ ಯೋಜನೆ. ಕೆಂಪು ಬಸ್ಸಿನಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತವಳಿಗೆ ಕೊಟ್ಟರೆ ಶೋಕಿ. ಅವಳು ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಹೋದಳು ಅನ್ನುವುದು ಇನ್ನೊಂದು ಅಪರಾಧ. ಕಂಪನಿಯಿಂದ ಎಲ್‌ಟಿಎ ಪಡೆದು ಅದರ ತೆರಿಗೆ ವಿನಾಯಿತಿಯಲ್ಲಿ ಕುಲು ಮನಾಲಿ ನೋಡಿ ಬಂದವರು ಈ ತೀರ್ಥಯಾತ್ರೆ ಕಂಡು ಬೆಂದುಹೋಗುತ್ತಿದ್ದಾರೆ.

ನೀರಿನ ವಿಷಯಕ್ಕೆ ಬನ್ನಿ. ಕಾವೇರಿ ನೀರು ಬೆಂಗಳೂರಿಗೆ ತಾನಾಗಿ ಹರಿದು ಬರುವುದಿಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರಕ್ಕೆ, ಹಗಲು ರಾತ್ರಿ ಕರೆಂಟ್ ಸುಟ್ಟು ಎತ್ತುತ್ತಾರೆ. ಹೀಗೆ ಎತ್ತಿ ತಂದ ಸಾವಿರ ಲೀಟರಿಗೆ ಮೊದಲ ಹಂತದ ಬಳಕೆಯಲ್ಲಿ ಮನೆಯವರು ಕಟ್ಟುತ್ತಿದ್ದದ್ದು ಏಳು ರೂಪಾಯಿ. 2014ರಿಂದ 2025ರ ಏಪ್ರಿಲ್‌ವರೆಗೆ ಅಷ್ಟೇ. ಹತ್ತು ವರ್ಷ ದಾಟಿದರೂ ಮುಟ್ಟುವ ಧೈರ್ಯ ಯಾವ ಪಕ್ಷಕ್ಕೂ ಇರಲಿಲ್ಲ. ಆಮೇಲೆ ಏರಿಸಿದರು. ಎಷ್ಟು? ಲೀಟರಿಗೆ ಒಂದು ಪೈಸೆ ಮೀರದಂತೆ. ಅದಕ್ಕೂ ‘ಬೆಲೆ ಏರಿಕೆಯ ಬರೆ’ ಅಂತ ಬೊಬ್ಬೆ.

2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿದಾಗ ಸರ್ಕಾರವೇ ಟ್ಯಾಂಕರ್ ದರ ನಿಗದಿ ಮಾಡಬೇಕಾಯಿತು. ಹನ್ನೆರಡು ಸಾವಿರ ಲೀಟರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ. ಅಂದರೆ ಸಾವಿರ ಲೀಟರಿಗೆ ಎಂಬತ್ತಮೂರು. ಅದು ನೀರಿನ ನಿಜವಾದ ರೇಟು. ಕಾವೇರಿ ಪೈಪು ಮುಟ್ಟದ ಹೊರವಲಯದ ಜನ ಅದನ್ನು ವರ್ಷಗಟ್ಟಲೆ ಕಟ್ಟಿದ್ದಾರೆ. ಏಳು ರೂಪಾಯಿ ನೀರಲ್ಲಿ ಕಾರು ತೊಳೆದವರು ಬಕೆಟ್ ಕೆಳಗಿಟ್ಟು ಕೇಳುತ್ತಾರೆ: ಎಷ್ಟು ದಿನ ಅಂತ ಈ ಜನರನ್ನು ಸಾಕೋದು?

ರೈಲು ಟಿಕೆಟ್ಟಿನ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ಪ್ರಯಾಣದ ಖರ್ಚಿನಲ್ಲಿ ಇಲಾಖೆ ವಸೂಲು ಮಾಡುವುದು ಸರಾಸರಿ ಶೇ. 57 ಮಾತ್ರ ಅಂತ. ಓದಿದವರುಂಟೇ? ಸೀಟ್ ನಂಬರ್ ಓದುತ್ತಾರೆ, ಲೋಯರ್ ಬರ್ತ್ ಸಿಗಲಿಲ್ಲವೆಂದು ಬೈಯುತ್ತಾರೆ. ರೈಲ್ವೆ ಸಚಿವರು ಲೋಕಸಭೆಯಲ್ಲೇ ಹೇಳಿದ್ದಾರೆ: ನೂರು ರೂಪಾಯಿಯ ಪ್ರಯಾಣಕ್ಕೆ ತೆಗೆದುಕೊಳ್ಳುವುದು 54, ಪ್ರಯಾಣಿಕರಿಗೆ ಕೊಡುವ ಸಬ್ಸಿಡಿ 56,993 ಕೋಟಿ. ಅದು ಇಡೀ ದೇಶದ ಲೆಕ್ಕ, ಗ್ಯಾರಂಟಿ ಒಂದು ರಾಜ್ಯದ್ದು. ಸರಿ, ಒಪ್ಪಿದೆ. ಆದರೆ ರೈಲು ಹತ್ತಿದ ಯಾರನ್ನಾದರೂ ‘ಬಿಟ್ಟಿ ಗಿರಾಕಿ’ ಅಂದದ್ದು ಕೇಳಿದ್ದೀರಾ? ಹಿರಿಯ ನಾಗರಿಕರ ರಿಯಾಯಿತಿಯನ್ನು 2020ರಲ್ಲಿ ಕಿತ್ತುಕೊಂಡದ್ದಕ್ಕೆ ಪಾರ್ಕಿನ ಹಿರಿಯರೇ ಇನ್ನೂ ಶಾಪ ಹಾಕುತ್ತಿದ್ದಾರೆ. ಖಜಾನೆ ಉಳಿಯಿತಲ್ಲ ಅಂತ ಸಂತೋಷಪಟ್ಟವರನ್ನು ನಾನಂತೂ ಕಂಡಿಲ್ಲ.

ವ್ಯತ್ಯಾಸ ಇಷ್ಟೇ. ಬಡವನಿಗೆ ಕೊಡುವುದಕ್ಕೆ ಕ್ಯೂ ಇರುತ್ತದೆ. ಕ್ಯೂಗೆ ಫೋಟೋ ಇರುತ್ತದೆ. ಸೊಸೈಟಿ ಮುಂದೆ ಚೀಲ ಹಿಡಿದು ನಿಲ್ಲಬೇಕು, ಹೆಬ್ಬೆಟ್ಟು ಒತ್ತಬೇಕು, ಸರ್ವರ್ ಡೌನ್ ಅಂದರೆ ನಾಳೆ ಬರಬೇಕು, ಹೆಬ್ಬೆರಳ ಗೆರೆ ಸವೆದಿದ್ದರೆ ನಾಳಿದ್ದೂ ಬರಬೇಕು. ನಮಗೆ ಕ್ಯೂ ಇಲ್ಲ. ನಮ್ಮ ಭಾಗ್ಯ ಬಿಲ್ಲಿನೊಳಗೇ ಕೂತು ಬರುತ್ತದೆ. ಫಾರ್ಮ್ 16ರ ಮೂಲೆಯಲ್ಲಿ ಬರುತ್ತದೆ. ಕೊಡದೆ ಉಳಿಸಿಕೊಂಡ ದುಡ್ಡಿಗೆ ಫಲಾನುಭವಿಯ ಪಟ್ಟಿ ಇರುವುದಿಲ್ಲ. ವೇದಿಕೆ ಮೇಲೆ ಕರೆದು ಮಂತ್ರಿಯ ಪಕ್ಕ ನಿಲ್ಲಿಸುವುದೂ ಇಲ್ಲ.

2025ರ ಫೆಬ್ರವರಿ 1 ನೆನಪಿದೆಯೇ? ಹನ್ನೆರಡು ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಅಂದರು. ಕೇಂದ್ರ ಸರ್ಕಾರ ಇದಕ್ಕಾಗಿ ಬಿಟ್ಟುಕೊಟ್ಟದ್ದು ವರ್ಷಕ್ಕೆ ಸುಮಾರು ಒಂದು ಲಕ್ಷ ಕೋಟಿ. ಹಣಕಾಸು ಸಚಿವರೇ ಹೇಳಿದ ಲೆಕ್ಕ. ಅವತ್ತು ಯಾರಿಗೂ ಖಜಾನೆ ನೆನಪಾಗಲಿಲ್ಲ. ಈ ದುಡ್ಡಿನಿಂದ ಮಧ್ಯಮ ವರ್ಗ ಸೋಮಾರಿಯಾಗುತ್ತದೆ ಅಂತ ಯಾವ ಚಾನೆಲ್ಲಿನಲ್ಲೂ ಚರ್ಚೆ ನಡೆಯಲಿಲ್ಲ. ಕೈಯಲ್ಲಿ ದುಡ್ಡಿದ್ದರೆ ಖರ್ಚು ಮಾಡುತ್ತಾರೆ, ಮಾರುಕಟ್ಟೆ ಚಿಗುರುತ್ತದೆ ಅಂದರು. ಗೃಹಲಕ್ಷ್ಮಿ ಗ್ಯಾರಂಟಿಯಲ್ಲಿ ಮನೆಯೊಡತಿಗೆ ಬರುವ ತಿಂಗಳ ಎರಡು ಸಾವಿರವೂ ಅದೇ ಮಾರುಕಟ್ಟೆಗೆ ತಾನೆ ಹೋಗುವುದು? ಅವಳೇನು ಸ್ವಿಸ್ ಬ್ಯಾಂಕಿನಲ್ಲಿ ಇಡುತ್ತಾಳೆಯೇ? ಒಂದು ಮಿಕ್ಸಿ ಕಂತು, ಮಗಳ ಟ್ಯೂಷನ್, ಚೀಟಿ ದುಡ್ಡು.

“ತೆರಿಗೆ ಕಟ್ಟೋದು ನಾವು!” ಈ ಘೋಷಣೆ ಕೇಳಿ ಕೇಳಿ ಕಿವಿ ತೂತಾಗಿದೆ. ಆ ಕಾಲರ್ ಹೊಲಿಯುವವಳು ಸೋಪು ಕೊಂಡರೆ ಜಿಎಸ್‌ಟಿ ಕಟ್ಟುತ್ತಾಳೆ. ಚಪ್ಪಲಿಗೆ ಕಟ್ಟುತ್ತಾಳೆ, ಮೊಬೈಲ್ ರೀಚಾರ್ಜಿಗೆ ಕಟ್ಟುತ್ತಾಳೆ. ಅವಳ ಗಂಡ ಸಂಜೆ ಕೊಳ್ಳುವ ಕ್ವಾರ್ಟರಿನಲ್ಲಿ ಅಬಕಾರಿ ಇಲಾಖೆಯ ಅರ್ಧ ಸಂಸಾರ ನಡೆಯುತ್ತದೆ. ಆದರೆ ಅವಳಿಗೆ ಪ್ಯಾನ್ ಕಾರ್ಡಿನ ಗತ್ತಿಲ್ಲ. ಆದ್ದರಿಂದ ಅವಳದು ತೆರಿಗೆಯಲ್ಲ.

ದೊಡ್ಡವರ ಮಾತು ಬೇರೆ. 2019ರ ಸೆಪ್ಟೆಂಬರ್ 20ರಂದು ಕಂಪನಿ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಬೊಕ್ಕಸ ಬಿಟ್ಟುಕೊಟ್ಟ ಅಂದಾಜು ವರ್ಷಕ್ಕೆ 1.45 ಲಕ್ಷ ಕೋಟಿ. ಷೇರುಪೇಟೆ ಅವತ್ತು ಕುಣಿಯಿತು. ಬ್ಯಾಂಕುಗಳು ಹತ್ತು ವರ್ಷದಲ್ಲಿ ಪುಸ್ತಕದಿಂದ ತೆಗೆದುಹಾಕಿದ ಸಾಲ 16 ಲಕ್ಷ ಕೋಟಿಗೂ ಹೆಚ್ಚು. ಅದು ಮನ್ನಾ ಅಲ್ಲ, ವಸೂಲಾತಿ ನಡೆಯುತ್ತಲೇ ಇರುತ್ತದೆ ಎಂದು ತಿಳಿದವರು ತಾಳ್ಮೆಯಿಂದ ವಿವರಿಸುತ್ತಾರೆ. ರೈತನ ಐವತ್ತು ಸಾವಿರದ ಬೆಳೆ ಸಾಲದ ಬಗ್ಗೆ ಈ ತಾಳ್ಮೆ ಯಾವತ್ತೂ ಕಂಡದ್ದಿಲ್ಲ.

ಒಮ್ಮೆ ಮಾತ್ರ ಸತ್ಯ ಬಾಯಿ ತಪ್ಪಿ ಬಂತು. 2024ರ ಜೂನ್‌ನಲ್ಲಿ, ಕೇಂದ್ರ ಮಂತ್ರಿಯಾದ ಹೊಸತರಲ್ಲಿ, ಎಚ್.ಡಿ. ಕುಮಾರಸ್ವಾಮಿ ಗುಜರಾತಿನ ಸೆಮಿಕಂಡಕ್ಟರ್ ಘಟಕದ ಲೆಕ್ಕ ಕೇಳಿದರು. ಐದು ಸಾವಿರ ಕೆಲಸಕ್ಕೆ ಎರಡು ಬಿಲಿಯನ್ ಡಾಲರ್ ಸಬ್ಸಿಡಿಯೇ, ಒಂದು ಕೆಲಸಕ್ಕೆ 3.2 ಕೋಟಿ ಬೀಳುತ್ತದಲ್ಲ, ಅಂತ. ತೀರಾ ಸಾದಾ ಭಾಗಾಕಾರ. ಆದರೆ ದೆಹಲಿಯಲ್ಲಿ ಭಾಗಾಕಾರಕ್ಕೆ ಅನುಮತಿ ಬೇಕು. ಮರುದಿನವೇ ಸ್ಪಷ್ಟನೆ ಬಂತು.

ಇನ್ನು ಸೋಮಾರಿತನ. ನನಗೆ ಅತ್ಯಂತ ಪ್ರಿಯವಾದ ಆರೋಪ. ಗೃಹಲಕ್ಷ್ಮಿಯ ಎರಡು ಸಾವಿರವನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ಅರವತ್ತಾರು ರೂಪಾಯಿ. ಬೆಂಗಳೂರಿನ ಒಳ್ಳೆಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆಗೆ ಸಾಲದು. ಇಷ್ಟಕ್ಕೇ ಒಬ್ಬ ಹೆಂಗಸು ಕೆಲಸ ಬಿಟ್ಟು ಕಾಲು ಚಾಚಿ ಮಲಗುತ್ತಾಳಂತೆ. ಹೇಳುವವರು ತಿಂಗಳ ಬಾಡಿಗೆ ಆದಾಯದಲ್ಲೇ ಬದುಕುವ ಮಾಲೀಕರು.

2013ರಲ್ಲಿ ಅನ್ನಭಾಗ್ಯ ಬಂದಾಗಲೂ ಇದೇ ರಾಗ. ಮಲೆನಾಡಿನ ತೋಟದವರು, ಬಯಲುಸೀಮೆಯ ಜಮೀನ್ದಾರರು ಒಂದೇ ಕಂಠದಲ್ಲಿ ಅತ್ತರು: ಅಕ್ಕಿ ಕೊಟ್ಟು ಜನರನ್ನು ಕೆಡಿಸಿದರು, ಕೆಲಸಕ್ಕೆ ಆಳು ಸಿಗುತ್ತಿಲ್ಲ. ಸಾಹಿತಿಗಳೂ ದನಿಗೂಡಿಸಿದರು. ಸ್ವಲ್ಪ ಬಿಡಿಸಿ ಕೇಳಿ. ಆಳು ಸಿಗುತ್ತಿಲ್ಲ ಅಂದರೆ ಏನು? ಹೇಳಿದ ಕೂಲಿಗೆ ಸಿಗುತ್ತಿಲ್ಲ ಅಂತ. ಮನೆಯಲ್ಲಿ ತಿಂಗಳ ಅಕ್ಕಿ ಇದ್ದವನು “ಐನೂರಾದರೆ ಬರ್ತೀನಿ ಗೌಡ್ರೇ” ಅನ್ನಬಲ್ಲ. ಹಸಿದವನು ಅನ್ನಲಾರ. ಅವರು ಅತ್ತದ್ದು ಬಡವನ ಸೋಮಾರಿತನಕ್ಕಲ್ಲ. ಅವನ ಹಸಿವು ಕೈತಪ್ಪಿತಲ್ಲ, ಅದಕ್ಕೆ. ಆ ತೋಟದ ಪಂಪ್‌ಸೆಟ್ಟಿಗೆ ಕರೆಂಟ್ ಪುಕ್ಕಟೆಯೇ ಅನ್ನುವ ಪ್ರಶ್ನೆ ಕೇಳಬೇಡಿ. ಆತಿಥ್ಯ ಕೆಡುತ್ತದೆ, ಕಾಫಿ ಕೊಡುವುದಿಲ್ಲ.

ಅಕ್ಕಿಯ ಕಥೆ ಇನ್ನೂ ಇದೆ. 2023ರ ಜೂನ್‌ನಲ್ಲಿ ಕರ್ನಾಟಕ ಕೇಜಿಗೆ 34 ರೂಪಾಯಿ ಕೊಡುತ್ತೇನೆ, ಅಕ್ಕಿ ಕೊಡಿ ಅಂದಾಗ ಕೇಂದ್ರದ ಗೋದಾಮಿನ ಬಾಗಿಲು ಹಾಕಿತ್ತು. 2025ರ ಜನವರಿಯಲ್ಲಿ ಅದೇ ಗೋದಾಮಿನ ಅಕ್ಕಿ ಎಥೆನಾಲ್ ಡಿಸ್ಟಿಲರಿಗಳಿಗೆ ಕೇಜಿಗೆ 22 ರೂಪಾಯಿ 50 ಪೈಸೆ. ರಾಜ್ಯಗಳಿಗೂ ಆಗ ಅದೇ ದರ ಕೊಟ್ಟರು ಅನ್ನಿ. ಅಷ್ಟು ಹೊತ್ತಿಗೆ ಗೋದಾಮು ತುಂಬಿ ತುಳುಕುತ್ತಿತ್ತು. ಹೊಟ್ಟೆಗೆ ಬೀಳುವ ಅಕ್ಕಿಯಿಂದ ದೇಶ ದಿವಾಳಿ, ಪೆಟ್ರೋಲ್ ಟ್ಯಾಂಕಿಗೆ ಬೀಳುವ ಅಕ್ಕಿಯಿಂದ ದೇಶ ಆತ್ಮನಿರ್ಭರ.

ಗ್ಯಾರಂಟಿ ಬೈಯುವ ಮನೆಗಳ ಕರೆಂಟ್ ಬಿಲ್ ಒಮ್ಮೆ ನೋಡಬೇಕು. ಪುಕ್ಕಟೆ ಕರೆಂಟಿನ ಗೃಹಜ್ಯೋತಿಗೆ ಬಿಪಿಎಲ್ ಕಾರ್ಡು ಬೇಕಿಲ್ಲ. ಇನ್ನೂರು ಯೂನಿಟ್ ಮೀರದಿದ್ದರೆ ಸಾಕು, ಯಾರಿಗಾದರೂ ಉಂಟು. ನೋಂದಣಿ ಶುರುವಾದ ವಾರ ಸೇವಾಸಿಂಧು ಸರ್ವರ್ ಏದುಸಿರು ಬಿಟ್ಟಿದ್ದು ಬರೀ ಗುಡಿಸಲಿನವರಿಂದಲ್ಲ. “ತತ್ವಕ್ಕೆ ನಾನು ವಿರೋಧ, ಆದ್ರೆ ಕೊಡೋದನ್ನ ಯಾಕೆ ಬಿಡೋದು, ನಮ್ಮ ದುಡ್ಡೇ ತಾನೆ?” ಅಂದರು ನನ್ನ ಪರಿಚಯದ ಆಡಿಟರೊಬ್ಬರು. ತಿಂಗಳ ಕೊನೆಯಲ್ಲಿ ಯೂನಿಟ್ ಮೀರೀತೆಂದು ಗೀಸರ್ ಆಫ್ ಮಾಡಿ ಸ್ಟೌ ಮೇಲೆ ನೀರು ಕಾಯಿಸುತ್ತಾರೆ. ತಮಗೆ ಸೊನ್ನೆ ಬಿಲ್ ಬಂದರೂ ಮೇಲಿನ ಮಹಡಿಯ ಬಾಡಿಗೆದಾರರಿಂದ ಕರೆಂಟ್ ಕಾಸು ಎಣಿಸಿಕೊಳ್ಳುವವರೂ ಇದ್ದಾರೆ. ಸರ್ಕಾರದಿಂದ ಬಿಟ್ಟಿ ಪಡೆದು ಚಿಲ್ಲರೆಯಲ್ಲಿ ಮಾರುವುದು. ಇದಕ್ಕೆ ಉದ್ಯಮಶೀಲತೆ ಅನ್ನಬೇಕು.

ಹೊಲಸು ಕೆಳಗೂ ಇದೆ, ಸುಳ್ಳೇಕೆ? ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಬಿಪಿಎಲ್ ಕಾರ್ಡು. ನೀತಿ ಆಯೋಗದ ಬಹುಆಯಾಮದ ಬಡತನದ ಲೆಕ್ಕದಲ್ಲಿ ಬಡವರು ಶೇ. 7.58. ನಡುವಿನವರು ಎಲ್ಲಿಂದ ಬಂದರು? ಕಾರಿಳಿದು ಬಂದರು. 2024ರ ನವೆಂಬರಿನಲ್ಲಿ ಅನರ್ಹ ಕಾರ್ಡು ರದ್ದು ಮಾಡಲು ಹೋದರು. ಬಡವರ ಹೊಟ್ಟೆ ಮೇಲೆ ಹೊಡೆದರು ಅಂತ ವಿರೋಧ ಪಕ್ಷ ಬೀದಿಗಿಳಿಯಿತು. ಹಿಂದಿನ ವಾರದವರೆಗೆ ಬಿಟ್ಟಿ ಭಾಗ್ಯ ಅಂತ ಬೈಯುತ್ತಿದ್ದ ಅದೇ ಪಕ್ಷ. ಸರ್ಕಾರ ಹೆದರಿ ಕಾರ್ಡು ವಾಪಸ್ ಕೊಟ್ಟಿತು. ಕಾರು ಸುಖವಾಗಿ ಸೊಸೈಟಿ ತಲುಪಿತು.

ರಾಜಕಾರಣಿಗಳಂತೂ ಬಿಡಿ. 2022ರ ಜುಲೈ 16ರಂದು ಬುಂದೇಲ್‌ಖಂಡ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಲ್ಲಿ ಪ್ರಧಾನಿಯವರು ಬಿಟ್ಟಿ ಹಂಚುವ ರೇವಡಿ ಸಂಸ್ಕೃತಿ ದೇಶಕ್ಕೆ ಅಪಾಯ ಅಂದರು. ವರ್ಷ ತುಂಬುವ ಮೊದಲೇ ಕರ್ನಾಟಕದಲ್ಲಿ ಅವರದೇ ಪಕ್ಷದ ಪ್ರಣಾಳಿಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಬಡಿಸಿತು. ಅತ್ತ ಮಧ್ಯಪ್ರದೇಶದಲ್ಲಿ ಲಾಡ್ಲಿ ಬೆಹನಾ, ಆಮೇಲೆ ಮಹಾರಾಷ್ಟ್ರದಲ್ಲಿ ಲಾಡಕಿ ಬಹೀಣ್. 2025ರಲ್ಲಿ ಬಿಹಾರದ ಚುನಾವಣೆ ಎದುರಿಗಿರುವಾಗ ಹೆಂಗಸರ ಖಾತೆಗೆ ತಲಾ ಹತ್ತು ಸಾವಿರ. ಅಕ್ಕತಂಗಿಯರ ಮೇಲೆ ಪ್ರೀತಿ ಉಕ್ಕುವುದಕ್ಕೂ ಚುನಾವಣಾ ಆಯೋಗದ ವೇಳಾಪಟ್ಟಿಗೂ ಏನೋ ಜನ್ಮಾಂತರದ ನಂಟು.

ನಮ್ಮ ಗ್ಯಾರಂಟಿ ಸರ್ಕಾರವೇನು ಸಾಚಾ? 2024-25ರಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಉಪಯೋಜನೆಗೆಂದು ಇಟ್ಟ ಹಣದಲ್ಲಿ 14 ಸಾವಿರ ಕೋಟಿಗೂ ಮೇಲ್ಪಟ್ಟು ಗ್ಯಾರಂಟಿಯ ಲೆಕ್ಕಕ್ಕೆ ಬರೆದುಕೊಂಡಿತು. ಫಲಾನುಭವಿಗಳಲ್ಲಿ ದಲಿತರೂ ಇದ್ದಾರಲ್ಲ ಅಂತ ಸಮರ್ಥನೆ. ಹಾಗಾದರೆ ಲಿಂಗಾಯತರ, ಒಕ್ಕಲಿಗರ ಪಾಲಿನ ಗ್ಯಾರಂಟಿಯನ್ನು ಯಾವ ನಿಗಮದ ಹಣದಿಂದ ಕೊಟ್ಟಿರಿ? ಉತ್ತರವಿಲ್ಲ. ಗೃಹಲಕ್ಷ್ಮಿ ಕಂತು ತಿಂಗಳುಗಟ್ಟಲೆ ಬಾರದೆ ಹೆಂಗಸರು ಬ್ಯಾಂಕಿಗೂ ಅಂಗನವಾಡಿಗೂ ಅಲೆಯುತ್ತಾರೆ. ಅತ್ತ ಗ್ಯಾರಂಟಿ ಜಾರಿಯಾಗುತ್ತಿದೆಯೇ ಎಂದು ನೋಡಲು ರಾಜ್ಯ, ಜಿಲ್ಲೆ, ತಾಲೂಕು ಮಟ್ಟದಲ್ಲಿ ಸಮಿತಿ. ರಾಜ್ಯದ ಅಧ್ಯಕ್ಷರಿಗೆ ಸಂಪುಟ ದರ್ಜೆ, ಕೆಳಗಿನ ಕಾರ್ಯಕರ್ತರಿಗೆ ಗೌರವಧನ. ಅವರ ಕಂತು ತಪ್ಪಿದ ಸುದ್ದಿ ಎಲ್ಲೂ ಓದಿಲ್ಲ. ಕೊಟ್ಟದ್ದನ್ನು ಹಾಲು, ಡೀಸೆಲ್ ಮತ್ತು ಗಂಡಸರ ಬಸ್ ಟಿಕೆಟ್ಟಿನಲ್ಲಿ ಹಿಂದಕ್ಕೆ ಎಳೆದುಕೊಳ್ಳುವ ಕಲೆಯೂ ಇವರಿಗೆ ಕರಗತ.

ಎಲ್ಲ ಪಕ್ಷಗಳೂ ಒಂದಾದ ಒಂದು ದಿನವನ್ನು ಮಾತ್ರ ಮರೆಯಬಾರದು. 2025ರ ಮಾರ್ಚ್ 21. ವಿಧಾನಸಭೆಯಲ್ಲಿ ಕಾಗದ ಹರಿದು ಎಸೆಯುತ್ತಿದ್ದರು, ಸಭಾಧ್ಯಕ್ಷರ ಪೀಠದ ಸುತ್ತ ಗದ್ದಲ. ಹದಿನೆಂಟು ಶಾಸಕರು ಅಮಾನತಾದರು. ಆ ಕಾಗದದ ಮಳೆಯ ನಡುವೆ ಒಂದು ಮಸೂದೆ ನೆನೆಯದೆ ದಾಟಿಹೋಯಿತು. ಶಾಸಕರ ಸಂಬಳ ನಲವತ್ತು ಸಾವಿರದಿಂದ ಎಂಬತ್ತು ಸಾವಿರ. ಮುಖ್ಯಮಂತ್ರಿಗೆ ಎಪ್ಪತ್ತೈದರಿಂದ ಒಂದೂವರೆ ಲಕ್ಷ. ಚರ್ಚೆ ಇಲ್ಲ. ಸಭಾತ್ಯಾಗ ಇಲ್ಲ. ಸೋಮಾರಿಗಳಾಗುತ್ತಾರೆಂಬ ಆತಂಕವೂ ಇಲ್ಲ. ಅದಕ್ಕೆ ಹಿಂದಿನ ತಿಂಗಳೇ ಸದಸ್ಯರು ಊಟದ ನಂತರ ಒರಗಿಕೊಳ್ಳಲು ರಿಕ್ಲೈನರ್ ಕುರ್ಚಿ ತರಿಸುವ ಮಾತಾಗಿತ್ತು.

ಹಾಗಂತ ನಮ್ಮ ಜನ ಕ್ಯೂ ನಿಲ್ಲುವುದೇ ಇಲ್ಲ ಅಂದುಕೊಳ್ಳಬೇಡಿ. 2023ರ ಫೆಬ್ರವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟರು. 2025ರ ಆಗಸ್ಟ್‌ನಲ್ಲಿ ಮತ್ತೆ ಕೊಟ್ಟರು. ಖಜಾನೆ ಖಾಲಿ ಅಂತ ಊರೆಲ್ಲ ಡಂಗುರ ಹೊಡೆಯುವ ನಾಡಿನಲ್ಲಿ, ಕಾನೂನು ಮುರಿದವರಿಗೆ ಅರ್ಧ ಬೆಲೆ. ಸಿಗ್ನಲ್‌ನಲ್ಲಿ ನಿಂತು ನಿಂತು ಹೋದವನಿಗೆ ಏನೂ ಇಲ್ಲ. ನಮ್ಮ ಬಡಾವಣೆಯ ಠಾಣೆ ಮುಂದೆ ಜಾತ್ರೆಯೋ ಜಾತ್ರೆ. ಇಸ್ತ್ರಿ ಮಾಡಿದ ಶರ್ಟುಗಳು, ಸ್ಮಾರ್ಟ್ ವಾಚುಗಳು. ಪಾರ್ಕಿನ ಅರ್ಥಶಾಸ್ತ್ರಜ್ಞರಲ್ಲಿ ಇಬ್ಬರು ಅಲ್ಲೇ ಇದ್ದರು. ಒಬ್ಬರು ವರ್ಷಗಳ ಬಾಕಿಗೆ ಅರ್ಧ ಕಟ್ಟಿ, ರಸೀದಿ ಮಡಚಿ ಜೇಬಿಗಿಟ್ಟು, ಕೌಂಟರಿನ ಕಾನ್‌ಸ್ಟೇಬಲ್ ಕಡೆ ಬಗ್ಗಿ ಕೇಳಿದರು:

“ಮುಂದಿನ ಆಫರ್ ಯಾವಾಗ ಬಿಡ್ತೀರಿ ಸಾರ್?”